ಲೆಕ್ಕಕ್ಕೆ ಬಾರದ ಗಂಟೆಗಳು

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಹಳೆಯ ವಿದ್ಯಾರ್ಥಿಗಳ ಲೇಖನವೂ ಒಂದೆರಡಿರಲೆಂದು ಸಂಪಾದಕರು ಬಯಸಿ, "ನಿಮ್ಮ ವೃತ್ತಿಯ ವಿಷಯವಾಗಿ ಏನಾದರೂ ಬರೆದುಕೊಡಿ" ಎಂದು ನನಗೆ ಹೇಳಿ ಕಳುಹಿಸಿದರು. ನನ್ನ ವೃತ್ತಿ ಲೆಕ್ಕ ತಪಾಸಣೆ. ಇದರಲ್ಲಿ ಕಾವ್ಯವಿಲ್ಲ, ಕಥೆಯಿಲ್ಲ. ಇರುವುದು ಜಮಾ, ಖರ್ಚು, ಶಿಲ್ಕು. ಇಂಥ ಒಣ ವಿಷಯವನ್ನೆತ್ತಿಕೊಂಡು ಕಲಾ ಕಾಲೇಜಿನ ವಾಚಕರ ತಾಳ್ಮೆಯನ್ನು ಪರೀಕ್ಷಿಸಬೇಕೆ ಎಂದು ಮೊದಲು ಹಿಂಜರಿದೆ. ಆದರೆ ಈ ಕಾಲೇಜಿನ ಬಾಗಿಲು ದಾಟಿ ಹೋಗುವವರಲ್ಲಿ ಅನೇಕರು ನಾಳೆ ಯಾವುದಾದರೊಂದು ಕಛೇರಿಯ ಮೂಲೆಯ ಮೇಜಿಗೆ ಕಿರಿಯರಾಗಿ ಹೋಗಿ ಕುಳಿತುಕೊಳ್ಳತಕ್ಕವರು. ಇನ್ನು ಹತ್ತು ವರ್ಷಕ್ಕೆ ಅದೇ ಕಛೇರಿಯ ಹಿರಿಯರಾಗತಕ್ಕವರು. ಅವರಿಗೆ ನನ್ನ ಅನುಭವದಿಂದ ಎಳ್ಳಷ್ಟಾದರೂ ಉಪಯೋಗವಾದರೆ ಸಾಕೆಂದು ಲೇಖನಿ ಹಿಡಿದಿದ್ದೇನೆ.

ನಾನು ಇಲ್ಲಿ ಓದಿದ್ದು ಅರ್ಥಶಾಸ್ತ್ರ. ಚಾರ್ಟರ್ಡ್ ಅಕೌಂಟೆಂಟರ ವಿದ್ಯೆ ವಾಣಿಜ್ಯ ಓದಿದವರಿಗೆ ಮಾತ್ರ ಮೀಸಲೆಂಬ ಭಾವನೆ ನಮ್ಮಲ್ಲಿದೆ. ಅದು ಸರಿಯಲ್ಲ. ಪದವಿಯಲ್ಲಿ ಶೇಕಡ 60 ಅಂಕ ಪಡೆದ ಕಲಾ ಪದವೀಧರರು ಮೊದಲ ಹಂತದ ಪರೀಕ್ಷೆ ಬರೆಯದೆಯೇ ಎರಡನೆಯ ಹಂತಕ್ಕೆ ನೇರವಾಗಿ ಸೇರಬಹುದು. ಆದರೆ ಓದಿನ ಜೊತೆಗೆ, ವೃತ್ತಿಯಲ್ಲಿರುವ ಲೆಕ್ಕಪರಿಶೋಧಕರೊಬ್ಬರ ಕೈಕೆಳಗೆ ಕೆಲಸವನ್ನೂ ಕಲಿಯಬೇಕು. ಇದಕ್ಕೆ ಆರ್ಟಿಕಲ್‌ಶಿಪ್ ಎಂದು ಹೆಸರು. ನಾನು ಸೇರಿದ್ದು 2015ರಲ್ಲಿ. ಆಗ ಇದರ ಅವಧಿ ಮೂರು ವರ್ಷ. ನಮ್ಮ ಮನೆ ತಿರುಮಕೂಡಲು ನರಸೀಪುರದಲ್ಲಿ, ಕೆಲಸಕ್ಕೆ ಸಿಕ್ಕಿದ ಕಛೇರಿ ನಂಜನಗೂಡಿನಲ್ಲಿ. ಕಪಿಲೆ ನಂಜನಗೂಡಿನಿಂದ ಹೊರಟು, ಸುತ್ತೂರನ್ನು ಹಾದು, ನಮ್ಮೂರಿಗೆ ಬಂದು ಕಾವೇರಿಯನ್ನು ಸೇರುತ್ತಾಳೆ. ನಾನು ದಿನವೂ ಬೆಳಿಗ್ಗೆ ಬಸ್ಸಿನಲ್ಲಿ ಅವಳಿಗೆ ಎದುರಾಗಿ ಹೋಗಿ, ಸಂಜೆ ಅವಳ ಜೊತೆಗೇ ಮರಳುತ್ತಿದ್ದೆ. ಸಂಜೆ ಎಂದದ್ದು ರೂಢಿಯ ಮಾತು. ಸೆಪ್ಟೆಂಬರ್ ತಿಂಗಳಲ್ಲಿ ಸಂಜೆಯೆಂಬುದು ನಮ್ಮ ಕಛೇರಿಯ ಗೋಡೆ ಗಡಿಯಾರಕ್ಕೆ ಮಾತ್ರ ಗೊತ್ತಿತ್ತು.

ಆ ಕಛೇರಿಯಲ್ಲಿ ಯಜಮಾನರು ಒಬ್ಬರು; ಅವರ ಕೆಳಗೆ ಹತ್ತು ವರ್ಷದಿಂದ ಇದ್ದ ಹಿರಿಯ ಸಹಾಯಕರು ಒಬ್ಬರು; ಅವರ ಕೆಳಗೆ ನಾವು ನಾಲ್ವರು ಕಿರಿಯರು. ಯಾರು ದೊಡ್ಡವರು, ಯಾರು ಚಿಕ್ಕವರು ಎಂಬುದನ್ನು ತಿಳಿಯಲು ತಲೆಯೆತ್ತಿ ನೋಡಿದರೆ ಸಾಕಾಗಿತ್ತು: ಯಜಮಾನರಿಗೊಂದು ಫ್ಯಾನು, ಹಿರಿಯರಿಗೊಂದು, ನಮ್ಮ ನಾಲ್ವರಿಗೆ ಸೇರಿ ಒಂದು. ನಮ್ಮ ಕೆಲಸವೆಂದರೆ ಓಚರುಗಳನ್ನು ನಗದು ಪುಸ್ತಕದೊಡನೆ ತಾಳೆ ನೋಡುವುದು, ಬ್ಯಾಂಕಿನ ಪಾಸ್‌ಪುಸ್ತಕಕ್ಕೂ ಖಾತೆಗೂ ಇರುವ ವ್ಯತ್ಯಾಸವನ್ನು ಹುಡುಕುವುದು, ಗೋದಾಮಿಗೆ ಹೋಗಿ ಮೂಟೆ ಎಣಿಸುವುದು, ನೋಡಿದ್ದಕ್ಕೆಲ್ಲ ಹಸಿರು ಶಾಯಿಯಲ್ಲಿ ಟಿಕ್ಕು ಹಾಕುವುದು. 'ಇದನ್ನು ನಾನು ಕಣ್ಣಾರೆ ನೋಡಿದ್ದೇನೆ' ಎಂಬುದೇ ಆ ಟಿಕ್ಕಿನ ಅರ್ಥ. ಲೆಕ್ಕ ತಪಾಸಣೆಯ ಕಟ್ಟಡವೆಲ್ಲ ನಿಂತಿರುವುದು ಈ ಸಣ್ಣ ಗುರುತಿನ ಮೇಲೆ. ಕಿರಿಯರ ಟಿಕ್ಕನ್ನು ಹಿರಿಯರು ನಂಬುತ್ತಾರೆ. ಹಿರಿಯರ ಟಿಪ್ಪಣಿಯನ್ನು ಯಜಮಾನರು ನಂಬುತ್ತಾರೆ. ಯಜಮಾನರ ರುಜುವನ್ನು ಬ್ಯಾಂಕು, ಸರ್ಕಾರ, ಸಂಘದ ಸದಸ್ಯರು ಎಲ್ಲರೂ ನಂಬುತ್ತಾರೆ.

ನಮ್ಮ ಪಂಚಾಂಗವೇ ಬೇರೆ. ತಿಂಗಳ 7ನೆಯ ತಾರೀಖು ಮೂಲದಲ್ಲಿ ಮುರಿದ ತೆರಿಗೆಯನ್ನು ಕಟ್ಟುವ ದಿನ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ 11 ಮತ್ತು 20 ಸಹ ಈ ಪಂಚಾಂಗದ ವಿಶೇಷ ದಿನಗಳಾದವು. ಇವೆಲ್ಲ ಸಣ್ಣ ಹಬ್ಬಗಳು. ದೊಡ್ಡ ಜಾತ್ರೆ ಸೆಪ್ಟೆಂಬರ್ 30. ಆದಾಯ ತೆರಿಗೆಗಾಗಿ ಮಾಡುವ ತಪಾಸಣೆಯ ವರದಿಗಳೆಲ್ಲ ಸಾಮಾನ್ಯವಾಗಿ ಆ ದಿನದೊಳಗೆ ಸಲ್ಲಬೇಕು. ಸಹಕಾರ ಸಂಘಗಳೂ ವಾರ್ಷಿಕ ಮಹಾಸಭೆಗೆಂದು ಅದೇ ತಿಂಗಳಲ್ಲಿ ಅವಸರ ಹಚ್ಚುತ್ತವೆ. ನಂಜನಗೂಡಿನ ಸ್ವಾಮಿ ಲೋಕದ ಹಿತಕ್ಕಾಗಿ ಒಂದೇ ಒಂದು ಸಲ ನಂಜನ್ನು ಕುಡಿದು ನಂಜುಂಡನೆನಿಸಿಕೊಂಡ. ಅವನ ಊರಿನಲ್ಲಿ ಕೆಲಸ ಮಾಡುತ್ತಿದ್ದ ನಾವು ಪ್ರತಿ ವರ್ಷವೂ ಇಡೀ ಒಂದು ತಿಂಗಳು ಕುಡಿಯುತ್ತಿದ್ದೆವು. ನಮಗೆ ಅಂಥ ಹೆಸರೇನೂ ಬರಲಿಲ್ಲ.

ಲೆಕ್ಕಪರಿಶೋಧಕರ ರಾಷ್ಟ್ರೀಯ ಸಂಸ್ಥೆ 1949ರ ಕಾಯಿದೆಯ ಮೇಲೆ ಸ್ಥಾಪಿತವಾದದ್ದು. ಕಲಿಯುವವರ ಸಾಮಾನ್ಯ ಕೆಲಸದ ಅವಧಿ ವಾರಕ್ಕೆ 35 ಗಂಟೆ ಎಂದು ಅದು ಗೊತ್ತುಮಾಡಿದೆ. ಸೆಪ್ಟೆಂಬರಿನಲ್ಲಿ ಈ 35 ಗಂಟೆ ನಮಗೆ ಬುಧವಾರಕ್ಕೇ ಮುಗಿದುಹೋಗುತ್ತಿತ್ತು. ನಮ್ಮ ಹಾಜರಿ ಪುಸ್ತಕದಲ್ಲಿ ಬಂದ ಹೊತ್ತನ್ನು ಬರೆಯಲು ಒಂದು ಕಲಮು ಇತ್ತು. ಹೋದ ಹೊತ್ತಿಗೆ ಇರಲಿಲ್ಲ. ಊರವರ ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪಿದರೂ ಹುಡುಕಿ ತೆಗೆಯುವ ಕಛೇರಿಯಲ್ಲಿ ಜಮಾ ಮಾತ್ರ ಬರೆದು ಖರ್ಚನ್ನು ಬರೆಯದ ಪುಸ್ತಕ ಅದೊಂದೇ ಎಂದು ಈಗ ತೋರುತ್ತದೆ.

ಈ ಅವಸರಕ್ಕೆ ಹಿರಿಯರ ಕ್ರೌರ್ಯವೇ ಕಾರಣವೆಂದು ನಾವು ನಾಲ್ವರೂ ಆಗ ನಂಬಿದ್ದೆವು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ನಮ್ಮ ಮಾತೆಲ್ಲ ಅದೇ. ಆದರೆ ಅವಸರ ಹುಟ್ಟುವ ಸ್ಥಳವೇ ಬೇರೆ. ಅಕ್ಕಿ ಗಿರಣಿಯವರೊಬ್ಬರು ಮಾರ್ಚ್ 31ಕ್ಕೆ ಮುಗಿದ ವರ್ಷದ ಬಿಲ್ಲುಗಳನ್ನು ಸೆಪ್ಟೆಂಬರ್ 20ರಂದು ಗೋಣಿಚೀಲದಲ್ಲಿ ತುಂಬಿ ತಂದು ಇಡುತ್ತಾರೆ. ಐದು ತಿಂಗಳಿಗೂ ಮೇಲ್ಪಟ್ಟು ಅವರ ಅಟ್ಟದ ಮೇಲೆ ನೆಮ್ಮದಿಯಾಗಿದ್ದ ಚೀಲ ನಮ್ಮ ಮೇಜಿಗೆ ಬಂದೊಡನೆ ಹತ್ತು ದಿನದ ತುರ್ತಾಗುತ್ತದೆ. 'ಈಗ ಆಗುವುದಿಲ್ಲ' ಎಂದರೆ ಅವರು ಚೀಲವನ್ನು ಹೊತ್ತು ಪಕ್ಕದ ಬೀದಿಗೆ ಹೋದಾರು ಎಂದು ಯಜಮಾನರಿಗೆ ಭಯ. ಯಜಮಾನರಿಗೆ ಎದುರಾಡಿದರೆ ಕೆಲಸಕ್ಕೇ ಸಂಚಕಾರವೆಂದು ಹಿರಿಯರಿಗೆ ಭಯ. ಹೀಗೆ 'ಇಲ್ಲ' ಎಂಬ ಮಾತು ಮೇಲಿನಿಂದ ಕೆಳಕ್ಕೆ ಯಾರ ಬಾಯಲ್ಲಿಯೂ ಹೊರಡದೆ, ಕೊನೆಗೆ ನಮ್ಮ ಬಾಯಲ್ಲಿ 'ಹೂಂ ಸಾರ್' ಎಂದು ಹೊರಡುತ್ತಿತ್ತು. ಗಿರಾಕಿಗೆ 'ಇಲ್ಲ' ಎನ್ನಲಾರದ ಹಿರಿಯರು ಕಿರಿಯರಿಗೆ 'ಹೂಂ' ಎನ್ನುವುದನ್ನು ಕಲಿಸುತ್ತಾರೆ.

ಈ 'ಹೂಂ' ಎಷ್ಟು ದುಬಾರಿಯೆಂಬುದು ನನಗೆ ತಿಳಿದದ್ದು ಎರಡನೆಯ ವರ್ಷದ ಸೆಪ್ಟೆಂಬರಿನಲ್ಲಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯ ಹಾಲು ಉತ್ಪಾದಕರ ಸಂಘದ ಪುಸ್ತಕಗಳು ನನ್ನ ಪಾಲಿಗೆ ಬಂದಿದ್ದವು. ಊರಿನ ಹೆಸರು ಇಲ್ಲಿ ಬೇಡ. ಹಾಲು ಹಾಕುವವರಲ್ಲಿ ಹೆಂಗಸರೇ ಹೆಚ್ಚು. ಆಗ ಆ ಸಂಘದಲ್ಲಿ ಬಟವಾಡೆ ನಗದಿನಲ್ಲಿಯೇ ನಡೆಯುತ್ತಿತ್ತು. ಹಣ ಪಡೆದವರು ಪುಸ್ತಕದಲ್ಲಿ ರುಜು ಮಾಡಬೇಕು, ಇಲ್ಲವೆ ಹೆಬ್ಬೆಟ್ಟು ಒತ್ತಬೇಕು. ರಾತ್ರಿ ಹನ್ನೊಂದು ದಾಟಿತ್ತು. ಊರಿಗೆ ಹೋಗುವ ಕೊನೆಯ ಬಸ್ಸು ತಪ್ಪಿ, ಅಂದು ಸೋದರತ್ತೆಯ ಮನೆಯಲ್ಲಿ ಮಲಗುವುದೆಂದು ತೀರ್ಮಾನಿಸಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಕುಳಿತವಳು ಊಟಕ್ಕಲ್ಲದೆ ಎದ್ದಿರಲಿಲ್ಲ. ಬಟವಾಡೆ ಪುಸ್ತಕದ ಪುಟಗಳನ್ನು ತಿರುವುತ್ತ ಹೋದೆ. ಹಸಿರು ಟಿಕ್ಕುಗಳು ಸಾಲಾಗಿ ಬೀಳುತ್ತ ಹೋದವು. ನನ್ನ ಕೈ ನೋಡುತ್ತಿತ್ತೇ ಹೊರತು ಕಣ್ಣು ನೋಡುತ್ತಿರಲಿಲ್ಲ.

ಮಾರನೆಯ ಮಧ್ಯಾಹ್ನ ಹಿರಿಯರು ಆ ಪುಸ್ತಕವನ್ನು ತೆರೆದರು. ಎರಡು ಪುಟ ಹಿಂದಕ್ಕೆ, ಎರಡು ಪುಟ ಮುಂದಕ್ಕೆ ತಿರುವಿ, ನನ್ನನ್ನು ಕರೆದರು.

"ಏನಮ್ಮಾ, ಈ ಐದು ರುಜುವೂ ಒಂದೇ ಕೈಯಲ್ಲಿ ಬಿದ್ದ ಹಾಗಿದೆಯಲ್ಲ. ನೋಡಿದೆಯಾ?"

ಟಿಕ್ಕು ನನ್ನದು. ನೋಡಿದೆ ಎಂದರೆ ಸುಳ್ಳು. ನೋಡಿಲ್ಲ ಎಂದರೆ ಟಿಕ್ಕೇ ಸುಳ್ಳು. ನಾನು ಸುಮ್ಮನೆ ನಿಂತೆ. ಮೂರು ಬಟವಾಡೆಗಳಲ್ಲಿ ಅದೇ ಐವರ ಹೆಸರಿನ ಮುಂದೆ ಅದೇ ಕೈಬರಹವಿತ್ತು. ಹಿರಿಯರು ಗದರಿಸಲಿಲ್ಲ. ಸಂಜೆ ತಮ್ಮ ಮೋಟಾರ್ ಬೈಕಿನಲ್ಲಿ ತಾವೇ ಆ ಊರಿಗೆ ಹೋಗಿ, ಹಾಲು ಹಾಕುವ ಹೊತ್ತಿಗೆ ಡೈರಿಯ ಬಾಗಿಲಲ್ಲಿ ನಿಂತು ಆ ಹೆಂಗಸರನ್ನು ವಿಚಾರಿಸಿದರು. ಇಬ್ಬರ ಹಣವನ್ನು ಅವರವರ ಮನೆಯವರು ಪಡೆದಿದ್ದರು. ಮೂವರಿಗೆ ಹಣವೇ ಮುಟ್ಟಿರಲಿಲ್ಲ. 'ತೆಗೆದಿಟ್ಟಿದ್ದೆ, ಕೊಡಬೇಕೆಂದಿದ್ದೆ' ಎಂದು ಬಟವಾಡೆ ಮಾಡುವಾತ ಹೇಳಿ, ಅಂದೇ ಎಣಿಸಿ ಕೊಟ್ಟನಂತೆ. ತೆಗೆದಿಟ್ಟಿದ್ದನೋ, ತಿಂದಿದ್ದನೋ, ದೇವರಿಗೇ ಗೊತ್ತು. ನನಗೆ ಗೊತ್ತಿರುವುದಿಷ್ಟೆ: ಹಿರಿಯರು ಆ ಪುಟವನ್ನು ತಿರುವದೆ ಹೋಗಿದ್ದರೆ, ಮೂವರು ಹೆಂಗಸರು ಬೆಳಗ್ಗೆ ಸಂಜೆ ಕರೆದ ಹಾಲಿನ ಹಣ ಅವರಿಗೆ ಸಂದಿದೆಯೆಂದು ನನ್ನ ಹಸಿರು ಶಾಯಿ ಸಾಕ್ಷಿ ಹೇಳುತ್ತಿತ್ತು.

ನಮ್ಮೂರಿನ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿಯ ತೂಕ ಹೆಚ್ಚೆಂದು ನಮ್ಮವರ ನಂಬಿಕೆ. ಗುಲಗಂಜಿಯಷ್ಟು ವ್ಯತ್ಯಾಸವನ್ನೂ ಬಿಡದೆ ತೂಗುವ ದೇವರ ಊರಿನಲ್ಲಿ ಹುಟ್ಟಿ, ನಾನು ಐದು ರುಜುಗಳನ್ನು ತೂಗದೆ ಬಿಟ್ಟಿದ್ದೆ. ಆ ದಿನ ಹಿರಿಯರು ಆಡಿದ ಮಾತು ಒಂದೇ: "ತಪ್ಪು ನಿನ್ನದೊಂದೇ ಅಲ್ಲಮ್ಮ. ಹದಿನಾಲ್ಕು ಗಂಟೆ ನಿನ್ನನ್ನು ಕೂರಿಸಿದವನು ನಾನು."

ಈ ಮಾತನ್ನು ಆಡಿದ ಮೇಲೆ ಕಛೇರಿ ಬದಲಾಯಿತೆಂದು ವಾಚಕರು ಊಹಿಸಬಾರದು. ಮುಂದಿನ ಸೆಪ್ಟೆಂಬರಿನಲ್ಲಿಯೂ ಗೋಣಿಚೀಲ ಬಂತು, ಕೊನೆಯ ಬಸ್ಸು ತಪ್ಪಿತು. ಅಷ್ಟೇ ಅಲ್ಲ, ಆ ವರ್ಷ ಹೊಸದಾಗಿ ಬಂದ ಹುಡುಗನೊಬ್ಬ ಎಂಟು ಗಂಟೆಗೆ ಚೀಲ ಹೆಗಲಿಗೇರಿಸಿದಾಗ, "ಇಷ್ಟು ಬೇಗನಾ? ನಾವೆಲ್ಲ ಹೀಗೇ ಕಲಿತದ್ದಪ್ಪ" ಎಂದವಳು ನಾನೇ. ಅವನು ಚೀಲ ಕೆಳಗಿಟ್ಟು ಕುಳಿತುಕೊಂಡ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆಯನ್ನು ಕೇಳಿ ನಗದವರಿಲ್ಲ. ಆದರೆ ಸೊಸೆಯಾಗಿದ್ದಾಗ ಪಟ್ಟ ಪಾಡನ್ನು ಅತ್ತೆಯಾದೊಡನೆ ಸಂಪ್ರದಾಯವೆಂದು ಕರೆಯುವುದು ಎಷ್ಟು ಸುಲಭವೆಂದು ಆ ರಾತ್ರಿ ನನಗೆ ಮನದಟ್ಟಾಯಿತು. ಈ ಲೇಖನವನ್ನು ಬರೆಯುವ ಋಣವೇನಾದರೂ ನನ್ನ ಮೇಲಿದ್ದರೆ ಅದು ಆ ಹುಡುಗನದು.

ಇದು ನಮ್ಮ ಎರಡು ತಾಲ್ಲೂಕುಗಳ ಕಥೆ ಮಾತ್ರವಲ್ಲ. ಮೈಸೂರಿನಲ್ಲಿಯೇ ಎಂಜಿನಿಯರಿಂಗ್ ಓದಿ ಇನ್ಫೋಸಿಸ್ ಸಂಸ್ಥೆಯನ್ನು ಕಟ್ಟಿದವರಲ್ಲಿ ಪ್ರಮುಖರಾದ ನಾರಾಯಣ ಮೂರ್ತಿಯವರು, ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು 2023ರ ಅಕ್ಟೋಬರಿನಲ್ಲಿ ಹೇಳಿದರು. ಎಲ್ ಅಂಡ್ ಟಿ ಸಂಸ್ಥೆಯ ಅಧ್ಯಕ್ಷರು 90 ಗಂಟೆ ಎಂದ ಮಾತು 2025ರ ಜನವರಿಯಲ್ಲಿ ದೇಶವೆಲ್ಲ ಹರಡಿತು. ಇವೆರಡರ ನಡುವೆ, 2024ರ ಜುಲೈಯಲ್ಲಿ, ಪುಣೆಯ ದೊಡ್ಡ ಲೆಕ್ಕಪರಿಶೋಧನಾ ಸಂಸ್ಥೆಯೊಂದಕ್ಕೆ ಸೇರಿ ನಾಲ್ಕೇ ತಿಂಗಳಾಗಿದ್ದ ಕೇರಳದ ಯುವತಿಯೊಬ್ಬಳು ತನ್ನ 26ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಕೆಲಸದ ಭಾರವೇ ಮಗಳನ್ನು ಕೊಂದಿತೆಂದು ತಾಯಿ ಸಂಸ್ಥೆಯ ಮುಖ್ಯಸ್ಥರಿಗೆ ಬರೆದ ಪತ್ರವನ್ನು ಸೆಪ್ಟೆಂಬರಿನಲ್ಲಿ ದೇಶವೆಲ್ಲ ಓದಿತು. ಸಂಸ್ಥೆಯವರು ಆ ಮಾತನ್ನು ಒಪ್ಪಲಿಲ್ಲ. ಸತ್ಯಾಸತ್ಯವನ್ನು ತೀರ್ಮಾನಿಸಲು ನಾನು ಯಾರೂ ಅಲ್ಲ. ಆದರೆ ಇಂಥ ಪ್ರಶ್ನೆ ಎದ್ದಾಗ ಮೊದಲು ಬೇಕಾಗುವುದು ಗಂಟೆಗಳ ದಾಖಲೆ. ಓಚರಿಲ್ಲದ ಖರ್ಚನ್ನು ಒಪ್ಪದ ನಾವು, ದಾಖಲೆಯಿಲ್ಲದ ದುಡಿಮೆಯನ್ನು ಮಾತ್ರ ಹೇಗೆ ಒಪ್ಪಿಕೊಂಡು ಬಂದಿದ್ದೇವೆ?

ಕಷ್ಟಪಡದೆ ವಿದ್ಯೆ ಬರುವುದಿಲ್ಲವೆಂದು ಹಿರಿಯರು ಹೇಳುತ್ತಾರೆ. ನಿಜ. ಆ ಮೂರು ವರ್ಷಗಳಲ್ಲಿ ಕಲಿತದ್ದೇ ಇಂದು ನನಗೆ ಅನ್ನ ಕೊಡುತ್ತಿದೆ. ಗೋದಾಮಿನ ಮೂಟೆಗಳನ್ನು ಮುಂದಿನ ಸಾಲಿನಿಂದಲ್ಲ, ಹಿಂದಿನ ಸಾಲಿನಿಂದ ಎಣಿಸಬೇಕೆಂದು ಕಲಿಸಿದವರು ಆ ಹಿರಿಯರೇ. ಆದರೆ ಅದನ್ನು ಅವರು ಕಲಿಸಿದ್ದು ಜೂನ್ ತಿಂಗಳ ಒಂದು ಬೆಳಿಗ್ಗೆ, ಬಿಡುವಾಗಿದ್ದಾಗ. ಸೆಪ್ಟೆಂಬರಿನ ರಾತ್ರಿಗಳಲ್ಲಿ ನಾನು ಕಲಿತದ್ದು, ನೋಡದೆ ಟಿಕ್ಕು ಹಾಕುವ ವಿದ್ಯೆ ಒಂದೇ. ಕಷ್ಟಪಡುವುದು ಬೇರೆ, ಕುಳಿತೇ ಇರುವುದು ಬೇರೆ.

ಕಿರಿಯರೂ ಹಾಲಿನಲ್ಲಿ ತೊಳೆದವರಲ್ಲ. ಕೈಯಲ್ಲಿ ಖಾತೆ, ಕಣ್ಣು ಮೊಬೈಲಿನಲ್ಲಿ. ಅರ್ಧ ನೋಡಿದ ಕಡತವನ್ನು ಹಾಗೆಯೇ ಬಿಟ್ಟು ಪರೀಕ್ಷೆಯ ರಜೆಯ ಮೇಲೆ ಹೋಗುವುದು. ಕೆಲಸ ಕೈಗೆ ಹತ್ತುವ ಹೊತ್ತಿಗೆ ಮೈಸೂರಿಗೋ ಬೆಂಗಳೂರಿಗೋ ಹಾರುವುದು: ಇವೆಲ್ಲ ಉಂಟು. 2023ರ ಜುಲೈ 1ರಿಂದ ಆರ್ಟಿಕಲ್‌ಶಿಪ್ ಮೂರರ ಬದಲು ಎರಡೇ ವರ್ಷವಾಗಿದೆ. ಒಬ್ಬರನ್ನು ತಿದ್ದಿ ತೀಡುವುದರೊಳಗಾಗಿ ಅವರು ಹೊರಟು ನಿಂತಿರುತ್ತಾರೆಂದು ಹಿರಿಯರು ಗೊಣಗಿದರೆ ಅದರಲ್ಲಿ ನ್ಯಾಯವಿದೆ. ಕೈಗಳು ಕಡಿಮೆಯಾಗಿ ಕೆಲಸ ಹಾಗೆಯೇ ಉಳಿದರೆ ಇಬ್ಬರ ನಡುವಣ ತಿಕ್ಕಾಟ ಹೆಚ್ಚುವುದೇ ಹೊರತು ಕಡಿಮೆಯಾಗದು.

ಗಡುವನ್ನು ಮುಂದಕ್ಕೆ ಹಾಕಿದರೆ ಎಲ್ಲವೂ ಸರಿಹೋದೀತೆಂದು ಕೆಲವರ ಮತ. 2025ರಲ್ಲಿ ಸೆಪ್ಟೆಂಬರ್ 30ರ ಗಡುವು ಅಕ್ಟೋಬರ್ 31ಕ್ಕೆ ಹೋಯಿತು. ಅಲ್ಲಿಂದ ನವೆಂಬರ್ 10ಕ್ಕೆ ಹೋಯಿತು. ಗೋಣಿಚೀಲವೂ ಅದರ ಹಿಂದೆಯೇ ಹೋಯಿತು. ರೋಗ ತಾರೀಖಿನಲ್ಲಿಲ್ಲ.

ಈ ವಿಷಯದಲ್ಲಿ ಹಿಂದಿನವರು ನಮಗಿಂತ ಜಾಣರಾಗಿದ್ದರೆಂದು ತೋರುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಯ ಪ್ರತಿ ಸಿಕ್ಕಿದ್ದು ನಮ್ಮ ಮೈಸೂರಿನಲ್ಲಿ. ರುದ್ರಪಟ್ಟಣದ ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚುಹಾಕಿಸಿದರು. ಅದರಲ್ಲಿಯೂ ಲೆಕ್ಕ ಒಪ್ಪಿಸುವುದಕ್ಕೆ ಆಷಾಢ ಮಾಸವೆಂದು ಗಡುವುಂಟು. ಲೆಕ್ಕ ತಂದಾಗ ನೋಡಬೇಕಾದವನು ಸಿದ್ಧನಾಗಿಲ್ಲದಿದ್ದರೆ ಅವನಿಗೆ ದಂಡ; ಲೆಕ್ಕ ತರಬೇಕಾದವನೇ ಸಿದ್ಧನಾಗಿಲ್ಲದಿದ್ದರೆ ಅದರ ಎರಡರಷ್ಟು ದಂಡ. ತಡಮಾಡಿದವನೇ ತಡದ ಬೆಲೆಯನ್ನು ತೆರಬೇಕೆಂಬುದು ಇದರ ತಾತ್ಪರ್ಯ. ನಾವೋ, ತಡಮಾಡಿದವರಿಂದ ಏನನ್ನೂ ಕೇಳದೆ, ಅದರ ಬೆಲೆಯನ್ನು ಕಿರಿಯರ ನಿದ್ರೆಯಿಂದ ವಸೂಲು ಮಾಡುತ್ತಿದ್ದೇವೆ.

ಇಂದಿನ ನಿಯಮಗಳಲ್ಲಿಯೂ ದಾಖಲೆಗೆ ಕೊರತೆಯಿಲ್ಲ. ಕೆಲಸವನ್ನು ಯಾರು ಮಾಡಿದರು, ಯಾವ ದಿನ ಮುಗಿಸಿದರು, ಯಾರು ಪರಿಶೀಲಿಸಿದರು ಎಂಬುದನ್ನು ಕಡತದಲ್ಲಿ ಬರೆದಿಡಬೇಕು. 2019ರ ಜುಲೈ 1ರಿಂದ ಚಾರ್ಟರ್ಡ್ ಅಕೌಂಟೆಂಟರು ರುಜು ಮಾಡುವ ಪ್ರತಿ ವರದಿಗೂ 18 ಅಂಕಿಯ ಗುರುತು ಸಂಖ್ಯೆ ಕಡ್ಡಾಯವಾಗಿದೆ. ರುಜುವಿಗೆ 18 ಅಂಕಿಗಳಿರುವಾಗ, ಆ ರುಜುವಿನ ಕೆಳಗಿನ ದುಡಿಮೆಗೆ ಎರಡು ಅಂಕಿ ಬರೆದರೆ ಹೊರೆಯಾದೀತೆ? ಕುಳಿತ ಗಂಟೆ, ಎದ್ದ ಗಂಟೆ: ಅಷ್ಟೆ.

ನನ್ನ ಅಭಿಪ್ರಾಯದಲ್ಲಿ ಮಾಡಬೇಕಾದದ್ದು ಮೂರು. ಮೊದಲನೆಯದು, ಪ್ರತಿ ಕಡತದ ಮೇಲುಹಾಳೆಯಲ್ಲಿ ಅದನ್ನು ನೋಡಿದವರ ಗಂಟೆಗಳನ್ನು ಬರೆಯುವುದು. ರುಜು ಮಾಡುವವರು ಆ ಹಾಳೆಯನ್ನು ನೋಡಿಯೇ ರುಜು ಮಾಡುವುದು. ಎರಡನೆಯದು, ಆಗಸ್ಟ್ ಮುಗಿದ ಮೇಲೆ ಚೀಲ ತರುವವರಿಂದ ಹೆಚ್ಚಿನ ಶುಲ್ಕ ಪಡೆಯುವುದು, ಇಲ್ಲವೆ ಆಗದೆಂದು ಹೇಳುವುದು. ಮೂರನೆಯದೇ ಮುಖ್ಯ. ನೋಡಲಾಗದ ಪುಟದ ಮೇಲೆ 'ನೋಡಿಲ್ಲ' ಎಂದು ಬರೆಯುವ ಅಧಿಕಾರ ಕಿರಿಯರಿಗಿರಬೇಕು. ಹಾಗೆ ಬರೆದವರನ್ನು ಯಾರೂ ಗದರಿಸಕೂಡದು. ಅಂದು ರಾತ್ರಿ ಆ ಬಟವಾಡೆ ಪುಸ್ತಕದ ಮೇಲೆ 'ನೋಡಿಲ್ಲ' ಎಂದು ಬರೆದಿಟ್ಟು ಹೋಗಲು ನನಗೆ ಧೈರ್ಯವಿದ್ದಿದ್ದರೆ, ಬೆಳಿಗ್ಗೆ ತಿಳಿಯಾದ ಕಣ್ಣುಗಳು ಅದನ್ನು ನೋಡುತ್ತಿದ್ದವು. 'ನೋಡಿಲ್ಲ' ಎನ್ನಲು ಅವಕಾಶವಿಲ್ಲದ ಕಛೇರಿಯಲ್ಲಿ 'ನೋಡಿದ್ದೇನೆ' ಎಂಬ ಗುರುತಿಗೂ ಬೆಲೆಯಿಲ್ಲ. ಆದ್ದರಿಂದ ಹಿರಿಯ ಕಿರಿಯರ ಈ ಜಗಳ ಕಛೇರಿಯ ಒಳಮನೆಯ ಜಗಳವಲ್ಲ. ಡೈರಿಯ ಬಾಗಿಲಲ್ಲಿ ಸಾಲು ನಿಂತ ಹೆಂಗಸರಿಗೂ ಅದರಲ್ಲಿ ಪಾಲಿದೆ.

ಹೇಳುವುದು ಸುಲಭ, ನಡೆಸುವುದು ಕಷ್ಟವೆಂದು ಯಾರಾದರೂ ಕೇಳಿಯಾರು. ಪರೀಕ್ಷೆಗಳನ್ನು ಮುಗಿಸಿ, ಸಹೋದ್ಯೋಗಿಯೊಬ್ಬರೊಡನೆ ನರಸೀಪುರದಲ್ಲಿ ನಾನೂ ಒಂದು ಸಣ್ಣ ಕಛೇರಿ ತೆರೆದಿದ್ದೇನೆ. ಈಗ ನಮ್ಮ ಕೈಕೆಳಗೆ ಇಬ್ಬರು ಕಿರಿಯರಿದ್ದಾರೆ. ಗಂಟೆಗಳ ಹಾಳೆಯನ್ನಿಟ್ಟ ಮೊದಲ ವರ್ಷ ಎರಡು ಗಿರಾಕಿಗಳು ಚೀಲ ಹೊತ್ತು ಬೇರೆ ಬೀದಿಗೆ ಹೋದರು. ನಷ್ಟವಾಗಲಿಲ್ಲವೆಂದರೆ ಸುಳ್ಳಾದೀತು, ಆ ವರ್ಷದ ಬಾಡಿಗೆ ಕೊಡಲು ಕಷ್ಟವಾಯಿತು. ಹೋದವರು ಮರಳಿ ಬಂದಿಲ್ಲ. ಆದರೆ ಉಳಿದವರಲ್ಲಿ ನಾಲ್ಕೈದು ಮಂದಿ ಜುಲೈಯಲ್ಲಿಯೇ ಪುಸ್ತಕ ತರುವುದನ್ನು ಕಲಿತಿದ್ದಾರೆ. ಕಳೆದ ಸೆಪ್ಟೆಂಬರಿನಲ್ಲಿ ಒಂದು ಖಾತೆಯ ಮೇಲೆ ನಮ್ಮ ಕಿರಿಯಳೊಬ್ಬಳು ಸೀಸದ ಕಡ್ಡಿಯಲ್ಲಿ 'ಪುಟ 40ರಿಂದ ಮುಂದಕ್ಕೆ ನೋಡಿಲ್ಲ, ತಲೆ ನೋವು' ಎಂದು ಬರೆದಿಟ್ಟು ಹೋಗಿದ್ದಳು. ಮೊದಲು ಸಿಟ್ಟು ಬಂತು. ಆಮೇಲೆ ಪುಟ 40ನ್ನು ನಾನೇ ತೆಗೆದು ಕುಳಿತೆ.

ನಮ್ಮೂರಿನ ಸಂಗಮದಲ್ಲಿ ಕಪಿಲೆ ಕಾವೇರಿಯನ್ನು ಸೇರಿದ ಮೇಲೆ ಹೊಳೆಗೆ ಕಪಿಲೆಯೆಂಬ ಹೆಸರಿಲ್ಲ. ಮುಂದೆ ತಲಕಾಡಿನ ಕಡೆಗೆ ಹರಿಯುವುದು ಕಾವೇರಿಯೇ. ಆದರೆ ನೀರು ಇಬ್ಬರದೂ ಹೌದು. ವರದಿಯ ಕೆಳಗೆ ಹಿರಿಯರ ಹೆಸರೊಂದೇ ಇರುವುದು ವೃತ್ತಿಯ ಧರ್ಮ. ಅದಕ್ಕೆ ಯಾರೂ ಅಸೂಯೆಪಡಬೇಕಾಗಿಲ್ಲ. ಹರಿದು ಬಂದ ನೀರಿನ ಲೆಕ್ಕ ಮಾತ್ರ ಎಲ್ಲಿಯಾದರೂ ಒಂದೆಡೆ ಇರಲಿ. ಈ ಕಾಲೇಜಿನಿಂದ ಇಂದು ಹೊರಡುವ ತಂಗಿಯರೇ, ತಮ್ಮಂದಿರೇ, ನಾಳೆ ನೀವು ಯಾವ ಕಛೇರಿಯ ಮೇಜಿಗೆ ಹೋಗಿ ಕುಳಿತರೂ ನೋಡಿದ್ದನ್ನು ನೋಡಿದೆ ಎನ್ನಿ, ನೋಡದ್ದನ್ನು ನೋಡಿಲ್ಲ ಎನ್ನಿ. ಹತ್ತು ವರ್ಷದ ಮೇಲೆ ಹಿರಿಯರ ಕುರ್ಚಿಗೆ ಹೋದಾಗ, ಎಂಟು ಗಂಟೆಗೆ ಚೀಲ ಹೆಗಲಿಗೇರಿಸಿದವರನ್ನು ಹೋಗಗೊಡಿ.